ಟ್ರ್ಯಾಕ್ ಡೇಗೆ ಹೊರಟಿದ್ದೀರಾ? ನಿಮ್ಮ ಕಾರಿನ ಇನ್ಶೂರೆನ್ಸ್ ಗೇಟಿನ ಹೊರಗೇ ನಿಲ್ಲುತ್ತದೆ

ಟ್ರ್ಯಾಕ್ ಡೇ ಅಂದರೆ ನಮ್ಮದೇ ಕಾರನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ ದಿನ. ಸ್ಪೋರ್ಟ್ಸ್ ಕಾರ್ ತಗೊಂಡು ಅದಕ್ಕೆ ಹೋಗುವವರು ಮೊದಲು ಪಾಲಿಸಿಯ ಪಿಡಿಎಫ್ ತೆರೆದು 'ಲಿಮಿಟೇಷನ್ಸ್ ಆಸ್ ಟು ಯೂಸ್' (ಬಳಕೆಯ ಮಿತಿಗಳು) ಅನ್ನೋ ಜಾಗ ಹುಡುಕಿ. ಬಾಡಿಗೆಗೆ ಓಡಿಸಿದರೆ ಕವರ್ ಇಲ್ಲ, ಸರಕು ಸಾಗಿಸಿದರೆ ಇಲ್ಲ, ಆರ್ಗನೈಸ್ಡ್ ರೇಸಿಂಗ್, ಪೇಸ್ ಮೇಕಿಂಗ್ (ಬೇರೆಯವರಿಗೆ ವೇಗ ಹಾಕಿಕೊಡುವುದು), ಸ್ಪೀಡ್ ಟೆಸ್ಟಿಂಗ್ (ವೇಗದ ಪರೀಕ್ಷೆ), ರಿಲಯಬಿಲಿಟಿ ಟ್ರಯಲ್ (ಗಾಡಿಯ ತಾಳಿಕೆಯ ಪರೀಕ್ಷೆ) ಇವ್ಯಾವುದಕ್ಕೂ ಇಲ್ಲ ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಇದು ಎಲ್ಲ ಕಂಪನಿಗಳಿಗೂ ಒಂದೇ ದರ, ಷರತ್ತು ಹಾಕಿದ್ದ 2002ರ ಇಂಡಿಯಾ ಮೋಟಾರ್ ಟ್ಯಾರಿಫ್‌ನಿಂದ ಬಂದ ಸಾಲು. 2007ರಲ್ಲಿ ಸ್ವಂತ ಡ್ಯಾಮೇಜ್ ಕವರಿನ (ನಮ್ಮ ಕಾರಿಗೇ ಆಗುವ ಹಾನಿಯ ಕವರ್) ದರ ನಿಗದಿ ಮಾಡುವುದು ಕಂಪನಿಗಳ ಕೈಗೆ ಬಂತು, ಆದರೆ ಈ ಸಾಲು ಹಾಗೇ ಉಳಿಯಿತು. ಹಾಗಾಗಿ ಕಂಪನಿ ಬದಲಿಸಿದರೂ ಇದು ಬೆನ್ನು ಬಿಡುವುದಿಲ್ಲ.

ಝೀರೋ ಡೆಪ್, ಎಂಜಿನ್ ಪ್ರೊಟೆಕ್ಟ್, ರಿಟರ್ನ್ ಟು ಇನ್‌ವಾಯ್ಸ್ ಅಂತ ಹೆಚ್ಚುವರಿ ಕವರ್ ಎಲ್ಲ ಹಾಕಿಸಿದ್ದೀನಲ್ಲ ಅಂತ ಧೈರ್ಯ ಬೇಡ. ಅವೆಲ್ಲ ಮೇಲಿನ ಮಹಡಿಗಳು. ಮೂಲ ಕವರ್ ಬಿದ್ದರೆ ಇವೂ ಬಿದ್ದವು.

ನನ್ನದು ಸೆಕೆಂಡ್ ಹ್ಯಾಂಡ್ ಪೋರ್ಶೆ 718 ಕೇಮನ್. ಹೋಗಿದ್ದು ಚೆನ್ನೈ ಹೊರಗೆ ಇರುಂಗಾಟ್ಟುಕೋಟೈಯಲ್ಲಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ಗೆ. ಬೆಂಗಳೂರಿನವರು ಟ್ರ್ಯಾಕ್ ಅಂದರೆ ಇಲ್ಲಿಗೋ ಕೊಯಮತ್ತೂರಿಗೋ ತಾನೇ ಹೋಗುವುದು. ಮುಂದಿದ್ದ ಕಾರಿನ ಕೂಲೆಂಟ್ ರಸ್ತೆ ಮೇಲೆ ಚೆಲ್ಲಿತ್ತು. ಮಾರ್ಷಲ್ (ಟ್ರ್ಯಾಕ್ ಪಕ್ಕ ನಿಂತು ಅಪಾಯ ತಿಳಿಸುವವರು) ಬಾವುಟ ತೋರಿಸುವ ಮುಂಚೆಯೇ ನಾನು ಅಲ್ಲಿಗೆ ಬಂದಿದ್ದೆ. ಹಿಂಭಾಗ ಜಾರಿತು, ಕಾರು ಜಲ್ಲಿಗೆ ಇಳಿದು ಎಡಮೂಲೆಯಿಂದ ಟೈರ್ ಗೋಡೆಗೆ ಹೋಗಿ ಗುದ್ದಿತು. ನನಗೆ ಏನೂ ಆಗಲಿಲ್ಲ. ಹೆಡ್‌ಲೈಟ್, ಬಂಪರ್, ಸಸ್ಪೆನ್ಷನ್ ಆರ್ಮ್ ಹೋದವು. ಈ ಕಾರಿನಲ್ಲಿ ಎಂಜಿನ್ ಹಿಂದೆ ಇದ್ದರೂ ರೇಡಿಯೇಟರ್‌ಗಳು ಮುಂದಿನ ಬಂಪರಿನ ಎರಡು ಮೂಲೆಯಲ್ಲಿ ಕೂತಿರುತ್ತವೆ. ಎಡಗಡೆಯದ್ದು ಒಡೆದುಹೋಯಿತು. ವರ್ಕ್‌ಶಾಪ್ ಕೊಟ್ಟ ಅಂದಾಜು ನೋಡಿದರೆ ಒಂದು ಒಳ್ಳೆ ಹೊಸ ಎಸ್‌ಯುವಿ ಬರುತ್ತಿತ್ತು.

ಕ್ಲೇಮ್ ಹಾಕಿದೆ. ನಡೆದದ್ದನ್ನು ನಡೆದ ಹಾಗೇ ಬರೆದೆ. ಹಾನಿ ಪರಿಶೀಲಿಸುವ ಸರ್ವೇಯರ್ ಬಂದರು. ತುಂಬಾ ಸಮಾಧಾನದ ಮನುಷ್ಯ, ಜಾಸ್ತಿ ಮಾತಿಲ್ಲ. ಒಡೆದಿದ್ದ ಮೂಲೆಯನ್ನು ಅವರು ಮೊದಲು ನೋಡಲೇ ಇಲ್ಲ. ಬಾಗಿಲ ಹತ್ತಿರ ಕೂತು, ನಂಬರ್ ಸ್ಟಿಕ್ಕರ್ ಕಿತ್ತ ಜಾಗದಲ್ಲಿ ಉಳಿದಿದ್ದ ಅಂಟನ್ನು ಉಗುರಿನಿಂದ ಕೆರೆದರು. ಟೈರಿನ ಅಂಚು ಮುಟ್ಟಿ ನೋಡಿದರು. ಟ್ರ್ಯಾಕ್ ಮೇಲೆ ಬಿದ್ದಿರುವ ರಬ್ಬರ್ ಚೂರುಗಳು ಬಿಸಿ ಟೈರಿಗೆ ಅಂಟಿ ಕರಗಿ ಕೂತಿರುತ್ತವಲ್ಲ, ಅದರ ಹತ್ತಿರದ ಫೋಟೋ ತೆಗೆದರು. ಮುಂದೆ ಸಿಕ್ಕಿಸಿದ್ದ ಟೋ ಹುಕ್, ಅಂಡರ್‌ಟ್ರೇಯಲ್ಲಿ ತುಂಬಿದ್ದ ಜಲ್ಲಿ, ಎಲ್ಲದರ ಫೋಟೋನೂ ಆಯಿತು. ಆಮೇಲೆ ವರ್ಕ್‌ಶಾಪಿನವರಿಂದ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ರಿಪೋರ್ಟ್ ಕೇಳಿದರು. ಎಂಜಿನ್ ಯಾವಾಗ, ಎಷ್ಟು ಆರ್‌ಪಿಎಂ ದಾಟಿತು ಅನ್ನುವುದೆಲ್ಲ ಪೋರ್ಶೆ ಕಾರುಗಳಲ್ಲಿ ದಾಖಲಾಗುತ್ತದೆ. ಕೊನೆಗೆ ಮುರಿದ ಹೆಡ್‌ಲೈಟ್ ಕಡೆ ತಿರುಗಿದರು, ಎರಡು ನಿಮಿಷ ಅಷ್ಟೇ.

ಕ್ಲೇಮ್ ತಿರಸ್ಕರಿಸಿದ ಪತ್ರ ಬಂದಾಗ ನನ್ನ ವಾದ ಎಲ್ಲರೂ ಮಾಡುವ ವಾದವೇ ಆಗಿತ್ತು. ಇದು ರೇಸ್ ಅಲ್ಲ, ಯಾರಿಗೂ ಕಪ್ ಇಲ್ಲ, ಓವರ್‌ಟೇಕ್ ಮಾಡಬೇಕಾದರೂ ಮುಂದಿನವರು ಕೈ ತೋರಿಸಬೇಕು, ಇದು ಬರೀ ಡ್ರೈವಿಂಗ್ ಅಭ್ಯಾಸ. ಆಯೋಜಕರೂ ಬುಕಿಂಗ್ ಸಮಯದಲ್ಲಿ ಹೀಗೇ ಹೇಳುತ್ತಾರೆ: "ರೇಸ್ ಅಲ್ಲ ಸಾರ್, ಇನ್ಶೂರೆನ್ಸ್ ಪ್ರಾಬ್ಲಮ್ ಬರಲ್ಲ." ಕಂಪನಿಯವರು 'ರೇಸಿಂಗ್' ಅನ್ನುವ ಮಾತಿನ ಗೋಜಿಗೇ ಹೋಗಿರಲಿಲ್ಲ. ಅವರು ಹಿಡಿದದ್ದು 'ಸ್ಪೀಡ್ ಟೆಸ್ಟಿಂಗ್'. ಆವತ್ತು ಎಲ್ಲ ಕಾರುಗಳಿಗೂ ಸಮಯ ಅಳೆಯುವ ಟ್ರಾನ್ಸ್‌ಪಾಂಡರ್ ಕಟ್ಟಿ, ಲ್ಯಾಪ್ ಟೈಮ್ ಪಟ್ಟಿ ಮಾಡಿ, ಅದನ್ನು ಆಯೋಜಕರೇ ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ್ದರು. ನನ್ನ ಕಾರಿನ ನಂಬರ್, ಪಕ್ಕದಲ್ಲಿ ಸಮಯ. ಆ ಸ್ಕ್ರೀನ್‌ಶಾಟ್ ಪತ್ರದ ಜೊತೆಗೇ ಲಗತ್ತಿಸಿದ್ದರು. ಗಡಿಯಾರ ಹಿಡಿದು ಓಡಿಸಿದ್ದು ವೇಗದ ಪರೀಕ್ಷೆ ಅಲ್ಲದೆ ಇನ್ನೇನು ಅಂದರೆ ಏನು ಹೇಳೋಣ? ಟೈಮಿಂಗೇ ಇಲ್ಲದ ಟ್ರ್ಯಾಕ್ ಡೇ ಆಗಿದ್ದರೆ ವಾದಕ್ಕೆ ಸ್ವಲ್ಪ ಜಾಗ ಇರುತ್ತಿತ್ತೇನೋ. ಅಂಥ ಕೇಸ್ ಇದ್ದವರು ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ತಿಂಗಳೊಳಗೆ ಸರಿಯಾದ ಉತ್ತರ ಬರದಿದ್ದರೆ ಇಂಥ ದೂರು ಕೇಳುವ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಬೆಂಗಳೂರಿನಲ್ಲೇ ಕಚೇರಿ ಇದೆ, ಶುಲ್ಕ ಇಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ತಕರಾರು ಕೇಳುತ್ತಾರೆ.

ಈ ನಡುವೆ ಒಬ್ಬರಲ್ಲ ಒಬ್ಬರು ಕಿವಿಯಲ್ಲಿ ಹೇಳುವ ಉಪಾಯ ಒಂದಿದೆ. "ಶ್ರೀಪೆರಂಬುದೂರು ಹತ್ತಿರ ನಾಯಿ ಅಡ್ಡ ಬಂತು ಅಂತ ಬರೆಸಿಬಿಡಿ ಸಾರ್, ಯಾರು ಕೇಳ್ತಾರೆ?" ನನಗೆ ಹೇಳಿದವರು ಟೋ ಮಾಡುವವರು, ಒಬ್ಬ ಏಜೆಂಟ್, ಕೊನೆಗೆ ನಮ್ಮ ಭಾವ ಕೂಡ! ಕೇಳುವವರು ಇದ್ದಾರೆ. ಫಾಸ್ಟ್ಯಾಗ್ ಸಮಯ ಇದೆ, ಕಾರಿನ ದಾಖಲೆ ಇದೆ, ಟ್ರ್ಯಾಕ್ ಪಕ್ಕ ನಿಂತವರೆಲ್ಲರ ಫೋನಿನಲ್ಲಿ ವಿಡಿಯೋ ಇದೆ. ಟ್ರ್ಯಾಕ್ ಅಂತ ನಿಜ ಹೇಳಿದರೆ ಕ್ಲೇಮ್ ಹೋಗುತ್ತದೆ. ನಾಯಿ ಅಂತ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅದು ವಂಚನೆಯ ಕೇಸ್. ದುಡ್ಡು ಹೋಗಿದೆ ಅಂತ ಪೊಲೀಸ್ ಠಾಣೆಯನ್ನೂ ಮೈಮೇಲೆ ಎಳೆದುಕೊಳ್ಳಬೇಕಾ?

ಕೂಲೆಂಟ್ ಚೆಲ್ಲಿದವರಿಂದ ವಸೂಲಿ ಮಾಡಬಹುದಲ್ಲ ಅಂತ ಕೇಳುತ್ತೀರಿ. ಬೆಳಿಗ್ಗೆ ಗೇಟಿನಲ್ಲಿ ಎಲ್ಲರೂ ಒಂದು ಹಾಳೆಗೆ ಸೈನ್ ಹಾಕಿರುತ್ತೀವಿ. ಆಯೋಜಕರ ಮೇಲಾಗಲೀ ಇತರ ಚಾಲಕರ ಮೇಲಾಗಲೀ ದಾವೆ ಹೂಡುವುದಿಲ್ಲ, ಟ್ರ್ಯಾಕ್‌ಗೆ ಆದ ಹಾನಿ ಕಟ್ಟಿಕೊಡುತ್ತೇನೆ ಅಂತ ಅದರಲ್ಲಿರುತ್ತದೆ. ನನಗೆ ಟೈರ್ ಗೋಡೆಯ ಬಿಲ್ಲೂ ಬಂತು. ಕೂಲೆಂಟ್ ಚೆಲ್ಲಿದವರ ಥರ್ಡ್ ಪಾರ್ಟಿ ಇನ್ಶೂರೆನ್ಸ್ (ಬೇರೆಯವರಿಗೆ ಆದ ಹಾನಿಯ ಕವರ್) ಹಿಡಿಯೋಣ ಅಂದರೆ, ಮೋಟಾರು ವಾಹನ ಕಾಯ್ದೆಯ 150ನೇ ಸೆಕ್ಷನ್ ಆರ್ಗನೈಸ್ಡ್ ರೇಸಿಂಗ್ ಮತ್ತು ಸ್ಪೀಡ್ ಟೆಸ್ಟಿಂಗ್ ಅನ್ನುವ ಕಾರಣವನ್ನು ಇನ್ಶೂರೆನ್ಸ್ ಕಂಪನಿಗೆ ರಕ್ಷಣೆಯಾಗಿ ಕೊಟ್ಟಿದೆ. ಇದು ಹೆದರಿಸುವ ವಿಷಯ. ಯಾಕೆಂದರೆ ಜಾರಿದ ನನ್ನ ಕಾರು ಟೈರ್ ಗೋಡೆಗೆ ಬದಲು ಒಬ್ಬ ಮಾರ್ಷಲ್‌ಗೆ ಬಡಿದಿದ್ದರೆ ಆ ಹೊಣೆಯೂ ನನ್ನ ಜೇಬಿಗೇ ಬರಬಹುದಿತ್ತು.

ಮೈಗೆ ಏಟಾದರೆ? ಕಾರ್ ಪಾಲಿಸಿಯ ಜೊತೆ ಬರುವ 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರಿಗೂ ಅದೇ ಬಳಕೆಯ ಮಿತಿ ಅನ್ವಯಿಸುತ್ತದೆ. ಹೆಲ್ತ್ ಪಾಲಿಸಿಯ ಸ್ಥಿತಿ ಸ್ವಲ್ಪ ವಾಸಿ. ಅಲ್ಲಿ ಸಾಹಸ ಕ್ರೀಡೆಯ ಷರತ್ತಿನಲ್ಲಿ ಮೋಟಾರ್ ರೇಸಿಂಗ್ ಹೆಸರಿದೆ, ಆದರೆ 'ವೃತ್ತಿಪರರಾಗಿ' ಭಾಗವಹಿಸಿದರೆ ಮಾತ್ರ ಹೊರಗೆ ಅಂತ ಇರುತ್ತದೆ. ಟರ್ಮ್ ಪಾಲಿಸಿಯ ಆಕ್ಸಿಡೆಂಟ್ ರೈಡರ್‌ನಲ್ಲಿ ಈ ರಿಯಾಯಿತಿ ಇರುತ್ತದೆ ಅಂತ ನಂಬಿಕೊಂಡು ಕೂರಬೇಡಿ, ತೆಗೆದು ಓದಿ.

ಇಂಗ್ಲೆಂಡಿನಲ್ಲಿರುವ ಗೆಳೆಯರು ಒಂದು ದಿನದ ಲೆಕ್ಕದಲ್ಲಿ ಟ್ರ್ಯಾಕ್ ಡೇ ಕವರ್ ಕೊಳ್ಳುತ್ತಾರೆ. ಕಾರಿನ ಬೆಲೆಯ ಹತ್ತು ಪರ್ಸೆಂಟಿನಷ್ಟು ನಾವು ಹಾಕಿಕೊಳ್ಳಬೇಕು, ಮಿಕ್ಕಿದ್ದು ಇನ್ಶೂರೆನ್ಸ್ ಕಂಪನಿಯದ್ದು ಅನ್ನುವ ಲೆಕ್ಕ ಅಲ್ಲಿ ಮಾಮೂಲು. ನಾನು ಇಲ್ಲಿ ವಿಚಾರಿಸಿದ ಏಜೆಂಟರೆಲ್ಲ ಫೋನಿನಲ್ಲಿ "ಫುಲ್ ಕವರ್ ಸಾರ್" ಅಂದರು. ಮೇಲ್‌ನಲ್ಲಿ ಬರೆದುಕೊಡಿ ಅಂದ ತಕ್ಷಣ ಸುಮ್ಮನಾದರು. ನೀವೂ ಫೋನಿನಲ್ಲಿ ಕೇಳಬೇಡಿ. ಸರ್ಕ್ಯೂಟ್ ಹೆಸರು, ತಾರೀಖು, ಟೈಮಿಂಗ್ ಇದೆಯೋ ಇಲ್ಲವೋ ಎಲ್ಲ ಬರೆದು ಕಂಪನಿಗೇ ಮೇಲ್ ಹಾಕಿ. ಪಾಲಿಸಿ ಮೇಲೆ ಎಂಡಾರ್ಸ್‌ಮೆಂಟ್ (ಷರತ್ತಿನ ಅಧಿಕೃತ ತಿದ್ದುಪಡಿ) ಅಂತ ಅಚ್ಚಾಗಿ ಬರಬೇಕು, ವಾಟ್ಸಾಪ್ ಹೆಬ್ಬೆಟ್ಟು ಲೆಕ್ಕಕ್ಕಿಲ್ಲ.

ಅದು ಬರದಿದ್ದರೆ, ಸಾಲ ತೀರದ ಕಾರನ್ನಂತೂ ಟ್ರ್ಯಾಕ್‌ಗೆ ಇಳಿಸಬೇಡಿ. ಕಾರು ಗುಜರಿಗೆ ಹೋದರೂ ಇಎಂಐ ನಿಲ್ಲುವುದಿಲ್ಲ. ಹೆದ್ದಾರಿಯಲ್ಲಿ ಹೋಗಿ ಬರುವ ದಾರಿಗೆ ಕವರ್ ಇರುತ್ತದೆ ನಿಜ, ಆದರೆ ಟ್ರ್ಯಾಕ್‌ನಲ್ಲಿ ಏಟು ತಿಂದ ಕಾರನ್ನು ರಿಪೇರಿ ಮಾಡಿಸದೆ ಹಾಗೇ ಮನೆಗೆ ಓಡಿಸಿಕೊಂಡು ಬಂದು ದಾರಿಯಲ್ಲಿ ಹಾನಿ ಹೆಚ್ಚಾದರೆ ಅದೂ ನಿಮ್ಮ ತಲೆಗೇ. ಕಾರನ್ನು ಹೊತ್ತು ತರುವ ಫ್ಲಾಟ್‌ಬೆಡ್ ಲಾರಿಯ ಬಾಡಿಗೆ ಮೊದಲೇ ವಿಚಾರಿಸಿಟ್ಟುಕೊಳ್ಳಿ, ಇರುಂಗಾಟ್ಟುಕೋಟೈಯಿಂದ ಬೆಂಗಳೂರಿಗೆ ಸುಮಾರು ಮುನ್ನೂರು ಕಿಲೋಮೀಟರ್.