ಬಾಟಲ್ ಫೀಡರ್, ತಟ್ಟೆ ಫೀಡರ್, ಹೂವಿನ ಗಿಡ: ಹಮ್ಮಿಂಗ್‌ಬರ್ಡ್‌ಗೆ ಯಾವ್ದು ಒಳ್ಳೇದು?

ನಾವಿರೋದು ಅಮೆರಿಕಾದ ನಾರ್ತ್ ಕೆರೊಲೈನಾದ ರಾಲಿ ಹತ್ರ. ಏಪ್ರಿಲ್ ಬಂತು ಅಂದ್ರೆ ರೂಬಿ ಥ್ರೋಟೆಡ್ ಹಮ್ಮಿಂಗ್‌ಬರ್ಡ್‌ಗಳು (ಹೂವಿನ ಮಕರಂದ ಕುಡಿಯೋ ಪುಟಾಣಿ ಹಕ್ಕಿಗಳು) ಮೆಕ್ಸಿಕೊ, ಸೆಂಟ್ರಲ್ ಅಮೆರಿಕಾ ಕಡೆಯಿಂದ ಬಂದು ಸೇರ್ಕೋತವೆ. ಸುಮಾರು 3 ಗ್ರಾಂ ತೂಕದ ಹಕ್ಕಿ ಅಷ್ಟು ದೂರದಿಂದ ನಮ್ಮ ಹಿತ್ತಲಿಗೆ ಬರುತ್ತೆ ಅಂದ್ಮೇಲೆ ಅದಕ್ಕೆ ಕೆಟ್ಟಿದ್ದು ಕುಡಿಸಬಾರದು ಅನ್ನೋದೊಂದೇ ನನ್ನ ಹಠ. ಮೂರು ಬೇಸಿಗೆ ಮೂರು ತರ ಮಾಡಿ ನೋಡಿದೀನಿ.

ಮೊದಲನೇ ವರ್ಷ ತಂದಿದ್ದು ತಲೆಕೆಳಗಾಗಿ ನೇತು ಹಾಕೋ ಗಾಜಿನ ಬಾಟಲ್ ಫೀಡರ್, ಫೀಡರ್ ಅಂದ್ರೆ ಹಕ್ಕಿಗೆ ಸಕ್ಕರೆ ನೀರು ಇಡೋ ಪಾತ್ರೆ. ನೋಡೋಕೆ ಚೆಂದ, ಒಂದ್ಸಲ ತುಂಬಿಸಿದ್ರೆ ವಾರ ಬರುತ್ತೆ ಅಂತ ತಗೊಂಡೆ, ಆದ್ರೆ ಜುಲೈ ಬಿಸಿಲಿಗೆ ಬಾಟಲ್ ಮೇಲ್ಗಡೆ ಇರೋ ಗಾಳಿ ಬಿಸಿಯಾಗಿ ಹಿಗ್ಗಿ ಸಕ್ಕರೆ ನೀರನ್ನ ಕೆಳಗೆ ತಳ್ಳುತ್ತೆ, ತೊಟತೊಟ ಅಂತ ಸೋರುತ್ತೆ, ಡೆಕ್ ಪೂರ್ತಿ ಅಂಟು, ಇರುವೆ ಸಾಲು, ಮೇಲಿಂದ ಕಣಜಗಳ ಕಾಟ. ವಾರ ಬರೋದು ಸುಳ್ಳು. ಆ ಸೆಕೆಗೆ ಎರಡೇ ದಿನಕ್ಕೆ ನೀರು ಮಬ್ಬಾಗುತ್ತೆ, ಚೆಲ್ಲಲೇಬೇಕು. ಬಾಟಲ್ ಕತ್ತಿನೊಳಗೆ ಕಪ್ಪು ಬೂಷ್ಟು ಕಟ್ಟಿದ್ದು ನೋಡಿ ಹೊಟ್ಟೆ ಉರೀತು, ಬ್ರಷ್ ಅಲ್ಲಿಗೆ ಹೋಗಲ್ಲ, ಹಕ್ಕಿ ಪಾಪ ಅದನ್ನೇ ಕುಡೀತಿತ್ತು.

ಎರಡನೇ ವರ್ಷ ತಟ್ಟೆ ತರದ್ದು ತಂದೆ. ಮುಚ್ಚಳದಲ್ಲಿ ತೂತು, ನೀರು ಅದಕ್ಕಿಂತ ಕೆಳಗೆ, ಹಕ್ಕಿ ನಾಲಿಗೆ ಉದ್ದ ಇರೋದ್ರಿಂದ ಎಟುಕುತ್ತೆ, ಜೇನು ಕಣಜಕ್ಕೆ ಎಟುಕಲ್ಲ. ಸೋರಲ್ಲ. ಮುಚ್ಚಳ ತೆಗೆದು ತಟ್ಟೆ ತೊಳೆದ ಹಾಗೆ ತೊಳೀಬಹುದು, ಎರಡು ನಿಮಿಷದ ಕೆಲಸ. ಇರುವೆಗೆ ಮಾತ್ರ ಬೇರೆ ಉಪಾಯ ಬೇಕು. ಮೈಸೂರಿಂದ ಅಮ್ಮ ಬಂದಿದ್ರು, "ಊರಲ್ಲಿ ಸಕ್ಕರೆ ಡಬ್ಬಿನ ನೀರಿನ ತಟ್ಟೇಲಿ ಇಡಲ್ವೇನೇ, ಹಾಗೆ ಮಾಡು" ಅಂದ್ರು. ಫೀಡರ್ ನೇತು ಹಾಕಿದ ಕೊಕ್ಕೆ ಮೇಲೆ ಒಂದು ನೀರಿನ ಬಟ್ಟಲು ಹಾಕಿದ ಮೇಲೆ ಒಂದು ಇರುವೆನೂ ಇಳೀಲಿಲ್ಲ.

ತಟ್ಟೆ ಫೀಡರ್ ಅಂಚಲ್ಲಿ ಹಕ್ಕಿ ಕೂತ್ಕೊಂಡು ಕುಡಿಯುತ್ತೆ ಅನ್ನೋದು ನನಗೆ ತುಂಬಾ ಇಷ್ಟ. ಗಂಡಿನ ಕತ್ತು ನೆರಳಲ್ಲಿ ಕಪ್ಪಗೆ ಕಾಣುತ್ತೆ, ಸ್ವಲ್ಪ ತಿರುಗಿದ್ರೆ ಸಾಕು, ಊದಿದ ಕೆಂಡದ ಹಾಗೆ ಹೊಳೆಯುತ್ತೆ. ಆದ್ರೆ ಅದೇ ಗಂಡು ಬೇರೆ ಯಾವ ಹಕ್ಕಿನೂ ಹತ್ರ ಬಿಟ್ಕೊಳಲ್ಲ. ದೊಡ್ಡದು ಒಂದು ಇಡೋ ಬದಲು ಚಿಕ್ಕದು ಎರಡು, ಒಂದರಿಂದ ಇನ್ನೊಂದು ಕಾಣದ ಹಾಗೆ ಮನೆ ಮುಂದೊಂದು ಹಿಂದೊಂದು ಇಟ್ಟೆ, ಹೆಣ್ಣು ಹಕ್ಕಿಗಳೂ ನೆಮ್ಮದಿಯಾಗಿ ಕುಡಿದ್ವು.

ಯಾವ ಫೀಡರ್ ಆದ್ರೂ ಒಳಗಡೆ ಹಾಕೋದು ಒಂದೇ: ಕಾಲು ಕಪ್ ಬಿಳಿ ಸಕ್ಕರೆ, ಒಂದು ಕಪ್ ನೀರು. ಫೀಡರ್‌ಗೆ ಅಂತ ಅಂಗಡೀಲಿ ಮಾರೋ ಕೆಂಪು ಪುಡಿ ಬೇಡ, ಬಣ್ಣ ಬೇಕಿಲ್ಲ. ಬೆಲ್ಲ, ಜೇನುತುಪ್ಪ ಖಂಡಿತ ಬೇಡ, ಜೇನು ಹಾಕಿದ್ರೆ ಬೇಗ ಬೂಷ್ಟು ಹಿಡಿಯುತ್ತೆ.

ಮೂರನೇ ವರ್ಷ ಗಿಡ. ಕೆಂಪು ಹೂ ಬಿಡೋ ಕೋರಲ್ ಹನಿಸಕಲ್ ಬಳ್ಳಿ, ಕಾರ್ಡಿನಲ್ ಫ್ಲವರ್, ಜೊತೆಗೆ ನೀಲಿ ಹೂವಿನ ಸಾಲ್ವಿಯಾ. ಕೆಂಪಿಗೆ ಮಾತ್ರ ಬರುತ್ತೆ ಅಂದ್ಕೊಂಡಿದ್ದೆ, ನಮ್ಮನೇಲಿ ಜಾಸ್ತಿ ಮುತ್ತಿದ್ದು ಆ ನೀಲಿ ಸಾಲ್ವಿಯಾನೇ. ತೊಳೆಯೋದಿಲ್ಲ, ಕೆಡೋದಿಲ್ಲ, ಇರುವೆ ಚಿಂತೆ ಇಲ್ಲ. ಇನ್ನೂ ಮುಖ್ಯ ಅಂದ್ರೆ ಗಿಡ ಇದ್ರೆ ಚಿಕ್ಕ ಹುಳ, ಜೇಡ ಇರ್ತವೆ, ತಾಯಿ ಹಕ್ಕಿ ಮರಿಗೆ ತಿನ್ನಿಸೋದು ಅದನ್ನೇ, ಬರೀ ಸಕ್ಕರೆ ನೀರಲ್ಲಿ ಮರಿ ಬೆಳೆಯಲ್ಲ. ಅದಕ್ಕೇ ನಾವು ಹಿತ್ತಲಿಗೆ ಹುಳದ ಔಷಧಿ ಹೊಡೆಸೋದು ನಿಲ್ಲಿಸಿದ್ವಿ. ತೊಂದರೆ ಒಂದೇ, ಬಳ್ಳಿ ಚೆನ್ನಾಗಿ ಹಬ್ಬೋಕೆ ಟೈಮ್ ಬೇಕು, ಕಾರ್ಡಿನಲ್ ಫ್ಲವರ್‌ಗೆ ಮಣ್ಣು ಒಣಗಬಾರದು, ಟ್ರಿಪ್ ಹೋದಾಗ ನಂದು ಅರ್ಧ ಒಣಗಿಹೋಯ್ತು.

ಜಾಗ ಇದ್ರೆ ಸಾಲ್ವಿಯಾ ಹಾಕಿ, ಬಾಲ್ಕನಿ ಮಾತ್ರ ಇದ್ರೆ ತಟ್ಟೆ ಫೀಡರ್ ಒಂದು ಸಾಕು, ಎರಡು ದಿನಕ್ಕೊಮ್ಮೆ ತೊಳೆಯೋಕೆ ಆಗಲ್ಲ ಅಂದ್ರೆ ಫೀಡರ್ ಇಡಲೇಬೇಡಿ. ಇಟ್ರೆ ಸೆಪ್ಟೆಂಬರ್‌ನಲ್ಲೇ ಎತ್ತಿಡಬೇಡಿ. ಫೀಡರ್ ಇದ್ರೆ ಹಕ್ಕಿ ವಲಸೆ ಹೋಗಲ್ಲ ಅಂತಾರೆ, ಹಾಗೇನಿಲ್ಲ, ಹಗಲು ಕಡಿಮೆ ಆಗ್ತಿದ್ದ ಹಾಗೆ ಅವು ಹೊರಟೇ ಹೋಗ್ತವೆ. ನಮ್ಮಲ್ಲಿ ಕೊನೇದಾಗಿ ಬರೋವು ಉತ್ತರದಿಂದ ಇಳಿದು ಬರೋ ಈ ವರ್ಷದ ಮರಿಗಳು, ಅವಕ್ಕೆ ದಾರಿ ಮಧ್ಯ ನಾಲ್ಕು ಗುಟುಕು ಸಿಗಲಿ.