ಅಡಿಕೆ ಒಣಗಿಸಲು ರಾಡಾರ್, ಔಷಧಿ ಹೊಡೆಯಲು ನಿಟ್ಟೂರಿನ ಭಾವ

ಹೊಸನಗರದ ಕಡೆ ತೋಟ ಇರುವವರು ಮಳೆ ಬರುತ್ತಾ ಅಂತ ಕೇಳುವುದಿಲ್ಲ. ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತು ಬಿಡುತ್ತದೆ ಅಂತ ಕೇಳುತ್ತಾರೆ. ವರ್ಷದಲ್ಲಿ ಎರಡು ಕಾಲದಲ್ಲಿ ಈ ಪ್ರಶ್ನೆ ತಲೆ ತಿನ್ನುತ್ತದೆ: ಮಳೆಗಾಲದ ನಡುವೆ ಕೊಳೆ ರೋಗಕ್ಕೆ ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವಾಗ, ಮತ್ತೆ ಅಕ್ಟೋಬರ್–ನವೆಂಬರಿನಲ್ಲಿ ಬೇಯಿಸಿದ ಅಡಿಕೆ ಅಂಗಳಕ್ಕೆ ಹರವಿದಾಗ. ಮೊಬೈಲಿನ ಹವಾಮಾನ ಆ್ಯಪ್, ಉಪಗ್ರಹದ ಚಿತ್ರ, ಲೈವ್ ರಾಡಾರ್, ನೆಂಟರಿಗೆ ಒಂದು ಫೋನ್. ಈ ನಾಲ್ಕನ್ನೂ ಎರಡೂ ಕೆಲಸಕ್ಕೆ ಬಳಸಿ ನೋಡಿದ್ದೇನೆ. ಒಂದಕ್ಕೆ ಗೆದ್ದದ್ದು ಇನ್ನೊಂದಕ್ಕೆ ಸೋಲುತ್ತದೆ.

ಅಕ್ಟೋಬರಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ರಾಡಾರ್ ಮಿಂಚುವುದು ಅಲ್ಲೇ. ಆಗಿನ ಮಳೆ ಗುಡುಗಿನ ಮಳೆ. ಮಧ್ಯಾಹ್ನದವರೆಗೆ ಸುಡು ಬಿಸಿಲು, ಮೂರು ಗಂಟೆ ಮೇಲೆ ಮೂಡಣದಲ್ಲಿ ಕಪ್ಪಾಗುತ್ತದೆ. ಈ ಮೋಡಗಳು ಹತ್ತು-ಹನ್ನೆರಡು ಕಿ.ಮೀ. ಎತ್ತರಕ್ಕೆ ಬೆಳೆಯುತ್ತವೆ, ಹಾಗಾಗಿ ದೂರದ ರಾಡಾರ್‌ಗೂ ಚೆನ್ನಾಗಿ ಕಾಣುತ್ತವೆ. ನಾನು ನೋಡುವುದು ಹವಾಮಾನ ಇಲಾಖೆಯ ಗೋವಾ ರಾಡಾರ್. ಪಣಜಿಯಿಂದ ನಮ್ಮೂರಿಗೆ ನೇರ ಗೆರೆ ಎಳೆದರೆ ಸುಮಾರು 220 ಕಿ.ಮೀ., ಅಂದರೆ ಚಿತ್ರದ ಅಂಚಿನ ಹತ್ತಿರ. ಅದರಲ್ಲಿ ಮ್ಯಾಕ್ಸ್ ಝಡ್ ಅನ್ನುವ ಚಿತ್ರ ತೆಗೆಯಿರಿ. ನಕ್ಷೆಯ ಮೇಲೆ ಬಣ್ಣದ ಕಲೆಗಳು, ಮೇಲಿನ ಮತ್ತು ಬಲಗಡೆಯ ಪಟ್ಟಿಯಲ್ಲಿ ಅದೇ ಮೋಡಗಳನ್ನು ಪಕ್ಕದಿಂದ ನೋಡಿದ ಎತ್ತರ. ಬಣ್ಣದ ಅಳತೆ ಡಿಬಿಝಡ್‌ನಲ್ಲಿ ಇರುತ್ತದೆ, ಅಂದರೆ ಮಳೆ ಹನಿಗೆ ತಾಗಿ ರಾಡಾರ್‌ಗೆ ವಾಪಸ್ ಬರುವ ಅಲೆ ಎಷ್ಟು ಜೋರು ಅನ್ನುವ ಲೆಕ್ಕ. 20ರ ಆಸುಪಾಸು ಇದ್ದರೆ ತುಂತುರು, 40 ದಾಟಿದರೆ ಜೋರು ಮಳೆ, 50ರ ಮೇಲೆ ಹೋದರೆ ಆಲಿಕಲ್ಲೂ ಬೀಳಬಹುದು.

ಒಂದು ಚಿತ್ರ ನೋಡಿ ಏನೂ ತಿಳಿಯುವುದಿಲ್ಲ. ಈಗಿನದ್ದು ಮತ್ತು ಅರ್ಧ ಗಂಟೆ ಹಿಂದಿನದ್ದು, ಎರಡನ್ನೂ ಇಟ್ಟುಕೊಂಡು ಕಲೆ ಎಷ್ಟು ಸರಿದಿದೆ ನೋಡಬೇಕು. ಶಿಕಾರಿಪುರದ ಹತ್ತಿರ ಇದ್ದ ಕೆಂಪು ಕಲೆ ನೈರುತ್ಯಕ್ಕೆ ಅರ್ಧ ಗಂಟೆಯಲ್ಲಿ ಹನ್ನೆರಡು ಕಿ.ಮೀ. ಬಂದಿದ್ದರೆ, ನಮಗೆ ಇನ್ನೂ ಒಂದು ಗಂಟೆಗಿಂತ ಜಾಸ್ತಿ ಟೈಮ್ ಇದೆ. ಅಷ್ಟರಲ್ಲಿ ಅಂಗಳದ ಅಡಿಕೆ ಗುಡ್ಡೆ ಮಾಡಿ ಟಾರ್ಪಾಲು ಎಳೆದು ನಾಲ್ಕು ಮೂಲೆಗೂ ಕಲ್ಲು ಇಡಬಹುದು. ಕಲೆ ಆನಂದಪುರದ ಮೇಲೆ ವಾಯುವ್ಯಕ್ಕೆ ಹೋಗುತ್ತಿದ್ದರೆ ಸುಮ್ನೆ ಬಿಡಿ, ಇನ್ನೊಂದು ಗಂಟೆ ಬಿಸಿಲು ಸಿಗುತ್ತದೆ. ಈ ಒಂದು ಗಂಟೆಯ ಬೆಲೆ ಅಡಿಕೆ ಒಣಗಿಸಿದವರಿಗೇ ಗೊತ್ತು. ಅರೆ ಒಣಗಿದ ಅಡಿಕೆ ಒಮ್ಮೆ ನೆಂದರೆ ಬೂಷ್ಟು ಹಿಡಿಯುತ್ತದೆ, ಬಣ್ಣ ಹೋಗುತ್ತದೆ, ಮಂಡಿಯಲ್ಲಿ ರೇಟು ಕೇಳುವ ಹಾಗಿಲ್ಲ.

ಚಿತ್ರದ ಮೇಲಿನ ಸಮಯ ಓದುವುದು ಮರೆಯಬೇಡಿ. ಯುಟಿಸಿ (ಜಾಗತಿಕ ಸಮಯ) ಅಂತ ಇದ್ದರೆ ನಮ್ಮ ಸಮಯಕ್ಕೆ ಐದೂವರೆ ಗಂಟೆ ಸೇರಿಸಿ. ಇನ್ನೊಂದು ಮಾತು: ತಲೆ ಮೇಲೆಯೇ ಹುಟ್ಟಿ ಅಲ್ಲೇ ಸುರಿಯುವ ಮೋಡಕ್ಕೆ ರಾಡಾರ್ ಮುನ್ಸೂಚನೆ ಕೊಡುವುದಿಲ್ಲ. ಗುಡ್ಡದ ನಾಡಿನಲ್ಲಿ ಅಂಥವು ಹುಟ್ಟುತ್ತಲೇ ಇರುತ್ತವೆ.

ಇದೇ ಅಕ್ಟೋಬರಿನಲ್ಲಿ ಹವಾಮಾನ ಆ್ಯಪ್ ಏನು ಹೇಳುತ್ತದೆ? ದಿನಾ ಮಧ್ಯಾಹ್ನ ಗುಡುಗಿನ ಗುರುತು. ಅದು ಸುಳ್ಳಲ್ಲ, ಜಿಲ್ಲೆಯಲ್ಲಿ ಎಲ್ಲೋ ಬರುತ್ತದೆ, ಆದರೆ ನನ್ನ ಅಂಗಳಕ್ಕೆ ಬರುತ್ತದಾ ಅನ್ನುವುದು ಅದರ ಕೈಯಲ್ಲಿಲ್ಲ. ಜಗತ್ತಿನಲ್ಲೇ ಒಳ್ಳೆಯದು ಅನ್ನಿಸಿಕೊಂಡ ಯುರೋಪಿನ ಹವಾಮಾನ ಮಾದರಿಯೂ (ಮುನ್ಸೂಚನೆ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಭೂಮಿಯನ್ನು ಸುಮಾರು 9 ಕಿ.ಮೀ. ಚೌಕಗಳಾಗಿ ನೋಡುತ್ತದೆ. ಒಂದು ಚೌಕದೊಳಗೆ ನಮ್ಮ ಎರಡು ಮೂರು ಗುಡ್ಡ, ಒಂದು ಕಣಿವೆ ಎಲ್ಲಾ ಮುಗಿದುಹೋಗುತ್ತದೆ. ಈ ವಾರ ಕೊಯ್ಲಿಗೆ ಮರ ಹತ್ತುವ ಕೊನೆಗಾರನನ್ನು ಕರೆಯಬೇಕಾ, ಮುಂದಿನ ವಾರ ಸಾಕಾ ಅನ್ನುವುದಕ್ಕೆ ಮಾತ್ರ ಆ್ಯಪ್ ನೋಡುತ್ತೇನೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆಗುತ್ತಿದ್ದರೆ ನಾಲ್ಕೈದು ದಿನ ಮುಂಚೆಯೇ ಸುಳಿವು ಸಿಗುತ್ತದೆ. ಅದನ್ನು ರಾಡಾರ್ ಯಾವತ್ತೂ ಹೇಳಲಾರದು.

ಈಗ ಆರಿದ್ರಾ, ಪುನರ್ವಸು ಮಳೆಗೆ ಬನ್ನಿ. ಇಲ್ಲಿ ರಾಡಾರ್ ನನಗೆ ಕೈ ಕೊಟ್ಟಿತು. ಹೊರಗೆ ಧೋ ಅಂತ ಸುರಿಯುತ್ತಿರುತ್ತದೆ, ಚಿತ್ರದಲ್ಲಿ ನಮ್ಮ ಜಾಗ ಖಾಲಿ. ತಪ್ಪು ಯಂತ್ರದ್ದಲ್ಲ. ಭೂಮಿ ಗುಂಡಗಿರುವುದರಿಂದ ರಾಡಾರ್‌ನ ಕಿರಣ ದೂರ ಹೋದಷ್ಟೂ ನೆಲದಿಂದ ಮೇಲೇರುತ್ತದೆ. 220 ಕಿ.ಮೀ. ದೂರಕ್ಕೆ ಬರುವಷ್ಟರಲ್ಲಿ ಅದು 4 ಕಿ.ಮೀ. ಆಸುಪಾಸಿನ ಎತ್ತರದಲ್ಲಿರುತ್ತದೆ. ಮುಂಗಾರಿನಲ್ಲಿ ಸಮುದ್ರದ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿದಾಗ ಆಗುವ ಮೋಡ ತುಂಬಾ ತಗ್ಗಿನದು, ಮಳೆಯ ಹೆಚ್ಚಿನ ಪಾಲು ಕಿರಣದ ಕೆಳಗೇ ಆಗಿಹೋಗುತ್ತದೆ. ಆಗುಂಬೆ, ಹುಲಿಕಲ್ ಕಡೆ ದಿನಗಟ್ಟಲೆ ಹಿಡಿಯುವ ಮಳೆ ಬಹುಪಾಲು ಈ ಜಾತಿಯದೇ. ಉಪಗ್ರಹದ ಕಥೆಯೂ ಅಷ್ಟೇ. ಇನ್ಸಾಟ್ ಚಿತ್ರ ಅರ್ಧ ಗಂಟೆಗೊಮ್ಮೆ ಬರುತ್ತದೆ, ಆದರೆ ಅದು ನೋಡುವುದು ಮೋಡದ ನೆತ್ತಿ. ಜುಲೈನಲ್ಲಿ ಕರಾವಳಿ, ಘಟ್ಟ ಎಲ್ಲದರ ಮೇಲೂ ಬಿಳಿ ಕಂಬಳಿ ಹೊದಿಸಿದ ಹಾಗೆ ಕಾಣುತ್ತದೆ. ಅರಬ್ಬಿ ಸಮುದ್ರದ ಮೇಲೆ ಮೋಡ ತೆಳುವಾಗುತ್ತಿದೆಯಾ ಅಂತ ನೋಡಿ ನಾಳೆಯ ಅಂದಾಜು ಮಾಡಬಹುದು. ಮುಂದಿನ ಎರಡು ಗಂಟೆಯದ್ದು ಆಗುವುದಿಲ್ಲ.

ಬೋರ್ಡೋಗೆ ಬೇಕಾದ್ದು ಆ ಎರಡು ಗಂಟೆಯೇ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ ಹಾಕಿ ಮಾಡಿದ ದ್ರಾವಣವನ್ನು ಅವತ್ತೇ ಹೊಡೆದು ಮುಗಿಸಬೇಕು, ನಾಳೆಗೆ ಇಡುವ ಹಾಗಿಲ್ಲ. ಗೊನೆಗೆ ಬಿದ್ದ ಮೇಲೆ ಅದು ಒಣಗಿ ಅಂಟಿಕೊಳ್ಳಬೇಕು. ಇದಕ್ಕೆ ನನಗೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ನಿಟ್ಟೂರಿನ ಭಾವನ ಫೋನ್. ನಿಟ್ಟೂರು ನಮ್ಮ ಪಡುವಣಕ್ಕೆ, ಕೊಲ್ಲೂರು ಘಟ್ಟದ ಬಾಯಲ್ಲಿ. ಮಳೆ ಬರುವುದೂ ಆ ಕಡೆಯಿಂದಲೇ. "ಭಾವಾ, ಹೊಳವಾಯ್ತಾ?" ಅಂತ ಕೇಳುತ್ತೇನೆ, ಅಂದರೆ ಮಳೆ ಬಿಟ್ಟಿತಾ ಅಂತ. "ಗುಡ್ಡದ ನೆತ್ತಿ ಕಾಣ್ತಾ ಇದೆ ಮಾರಾಯ, ಕಲಸು" ಅಂದರೆ ಇಲ್ಲೂ ಅರ್ಧ-ಮುಕ್ಕಾಲು ಗಂಟೆಯಲ್ಲಿ ಬಿಡುವುದು ಜಾಸ್ತಿ.

ಆ ಕಡೆ ನೆಂಟರಿಲ್ಲದವರಿಗೆ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ವರುಣ ಮಿತ್ರ ಸಹಾಯವಾಣಿ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಗ್ರಾಮ ಪಂಚಾಯ್ತಿ ಮಟ್ಟದ ಮಳೆಮಾಪಕಗಳ ಲೆಕ್ಕ ಆ ಕೇಂದ್ರಕ್ಕೆ 15 ನಿಮಿಷಕ್ಕೊಮ್ಮೆ ಹೋಗುತ್ತದೆ. ನಿಮ್ಮ ಊರಿನದ್ದಲ್ಲ, ನಿಮ್ಮ ಪಡುವಣದ ಪಂಚಾಯ್ತಿಯದ್ದು ಕೇಳಿ.

ಮೇ ಕೊನೆಯ ಮೊದಲ ಔಷಧಿಗೆ ಮಾತ್ರ ಭಾವನ ಫೋನ್ ಸಾಲದು. ಆಗಿನ್ನೂ ಗುಡುಗಿನ ಕಾಲ, ಮೋಡ ಯಾವ ದಿಕ್ಕಿನಿಂದಲೂ ಬರಬಹುದು, ಮತ್ತೆ ರಾಡಾರೇ ಬೇಕು. ಜೊತೆಗೆ ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ (ಐಐಟಿಎಂ) ಮಾಡಿದ ದಾಮಿನಿ ಆ್ಯಪ್ ಇಟ್ಟುಕೊಳ್ಳಿ, ಸುತ್ತ 20 ಮತ್ತು 40 ಕಿ.ಮೀ. ಒಳಗಿನ ಸಿಡಿಲಿಗೆ ಎಚ್ಚರಿಕೆ ಕೊಡುತ್ತದೆ. 40ರ ಸುತ್ತಿನಲ್ಲಿ ಸಿಡಿಲು ಕಂಡ ಕೂಡಲೇ ನಾನು ಕೊನೆಗಾರನನ್ನು ಮರದಿಂದ ಇಳಿಸುತ್ತೇನೆ, ಡ್ರಮ್ಮಿನಲ್ಲಿ ದ್ರಾವಣ ಎಷ್ಟೇ ಉಳಿದಿರಲಿ.