ದುರ್ಗಿಗುಡಿ ಹತ್ತಿರದ ಸ್ಕ್ಯಾನ್ ಸೆಂಟರ್: ಹೆಪ್ಪಲ್ಲ, ಗಡ್ಡೆ ಇರಬಹುದು ಅಂದವರು

ಶಿವಮೊಗ್ಗದಲ್ಲಿ ಎದೆಯ ಸಿಟಿ ಸ್ಕ್ಯಾನ್ ಮಾಡಿಸಬೇಕು ಅಂತ ಯಾರಾದರೂ ಕೇಳಿದರೆ ನಾನು ಈ ಸೆಂಟರನ್ನೇ ಹೇಳುತ್ತೇನೆ. ಮಿಷನ್ ಹೊಸದು ಅಂತಲ್ಲ. ಇಲ್ಲಿ ರಿಪೋರ್ಟ್ ಬರೆಯುವ ಡಾಕ್ಟರು ರೋಗಿಯನ್ನು ಎದುರಿಗೆ ಕೂರಿಸಿಕೊಂಡು ಕೇಳುತ್ತಾರೆ, ಹಳೆಯ ಸ್ಕ್ಯಾನ್ ನೋಡುತ್ತಾರೆ, ಆಮೇಲೆ ಬರೆಯುತ್ತಾರೆ.

ನಮ್ಮ ಭಾವ ತೀರ್ಥಹಳ್ಳಿ ಕಡೆಯವರು. ಅಡಿಕೆ ಕೊಯ್ಲಿನ ಹೊತ್ತಿಗೆ ಏದುಸಿರು ಶುರುವಾಯಿತು. ತೋಟದಿಂದ ಅಂಗಳಕ್ಕೆ ಹತ್ತಿ ಬರುವಷ್ಟರಲ್ಲಿ ದಾರಿಯಲ್ಲೇ ಕೂತುಬಿಡುತ್ತಿದ್ದರು. ಒಣ ಕೆಮ್ಮು, ಸಂಜೆಯಾದರೆ ಸಣ್ಣ ಜ್ವರ. ನಮ್ಮ ಕಡೆ ಆ ಕಾಲದಲ್ಲಿ ಜ್ವರ ಅಂದರೆ ಮೊದಲು ಮಂಗನ ಕಾಯಿಲೆಯ ಟೆಸ್ಟು. ಅದು ಇರಲಿಲ್ಲ. ಆಮೇಲೆ ಬೇರೊಂದು ಆಸ್ಪತ್ರೆಯಲ್ಲಿ ಎಕೋ, ಸಿಟಿ ಮಾಡಿಸಿ, ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆ ಅಂದರು. ರಕ್ತ ತೆಳು ಮಾಡುವ ಮಾತ್ರೆ ಕೊಟ್ಟರು. ಮಾತ್ರೆ ಒಂದು ದಿನ ತಪ್ಪಲಿಲ್ಲ, ರಕ್ತ ಎಷ್ಟು ತೆಳುವಾಗಿದೆ ಅಂತ ನೋಡುವ ಐಎನ್‌ಆರ್ ಟೆಸ್ಟೂ ಸರಿಯಾಗೇ ಬರುತ್ತಿತ್ತು. ಉಸಿರಾಟ ಮಾತ್ರ ದಿನದಿನಕ್ಕೆ ಕೆಟ್ಟಿತು, ಮೈ ಇಳಿಯಿತು. ಕೇಳಿದರೆ "ಟೈಮ್ ಬೇಕು" ಅನ್ನುವ ಒಂದೇ ಉತ್ತರ. ಅಕ್ಕ ಎಷ್ಟು ಅಂತ ತಡೆದುಕೊಂಡಾಳು?

ಇಲ್ಲಿಗೆ ಬಂದಿದ್ದು ಮತ್ತೊಮ್ಮೆ ಸಿಟಿ ಪಲ್ಮನರಿ ಆಂಜಿಯೋ, ಅಂದರೆ ಶ್ವಾಸಕೋಶದ ರಕ್ತನಾಳ ನೋಡುವ ಸ್ಕ್ಯಾನ್, ಮಾಡಿಸಲು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಕಾಲು ಊದಿತ್ತಾ?" ಇಲ್ಲ. ಇಂಥ ಹೆಪ್ಪು ಹೆಚ್ಚಾಗಿ ಕಾಲಿನ ರಕ್ತನಾಳದಿಂದ ಬರುವುದಂತೆ, ಆದರೆ ಕಾಲಿನ ರಕ್ತದ ಓಡಾಟ ನೋಡುವ ಡಾಪ್ಲರ್ ಸ್ಕ್ಯಾನ್‌ನಲ್ಲೂ ಏನೂ ಸಿಕ್ಕಿರಲಿಲ್ಲ. ಸ್ಕ್ಯಾನ್ ಆದ ಮೇಲೆ ಅಕ್ಕನನ್ನೇ ಒಳಗೆ ಕರೆದು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. "ನೋಡಿಯಮ್ಮ, ಹೆಪ್ಪಾಗಿದ್ದರೆ ಮಾತ್ರೆಗೆ ಸ್ವಲ್ಪವಾದರೂ ಕರಗಬೇಕಿತ್ತು. ಇದು ಬೆಳೆದಿದೆ. ಮುಖ್ಯ ನಾಳವನ್ನು ಅಡ್ಡಕ್ಕೆ ಪೂರ್ತಿ ತುಂಬಿ ಹಿಗ್ಗಿಸಿದೆ, ಗೋಡೆಯೂ ಒಂದು ಕಡೆ ಸರಿಯಾಗಿ ಕಾಣ್ತಿಲ್ಲ." ಪಲ್ಮನರಿ ಆರ್ಟರಿ ಸಾರ್ಕೋಮಾ ಅನ್ನುವ ಅಪರೂಪದ ಕ್ಯಾನ್ಸರ್ ಗಡ್ಡೆ ಇರಬಹುದು, ಪೆಟ್ ಸ್ಕ್ಯಾನ್ ಮಾಡಿಸಿ, ಹೃದಯ ಶಸ್ತ್ರಚಿಕಿತ್ಸಕರಿಗೆ ತೋರಿಸಿ ಅಂತ ರಿಪೋರ್ಟಿನಲ್ಲಿ ಸ್ಪಷ್ಟವಾಗಿ ಬರೆದರು.

ಇದು ಎಷ್ಟು ಅಪರೂಪ ಅಂದರೆ, 1923ರಲ್ಲಿ ಮೊದಲ ಸಲ ವಿವರಿಸಿದ್ದೇ ಶವಪರೀಕ್ಷೆಯಲ್ಲಿ ಸಿಕ್ಕ ಗಡ್ಡೆಯನ್ನು. ಬಹಳಷ್ಟು ರೋಗಿಗಳಿಗೆ ಮೊದಲು ಹೆಪ್ಪು ಅಂತಲೇ ಔಷಧ ನಡೆಯುತ್ತದೆ. ದಿನಾ ಹತ್ತಾರು ಸ್ಕ್ಯಾನ್ ನೋಡುವವರು ಇದನ್ನು ನೆನಪಿಗೆ ತಂದುಕೊಂಡರಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ಪೆಟ್ ಸ್ಕ್ಯಾನ್ ಮಾಡಿದಾಗ ಆ ಜಾಗ ಹೊಳೆಯಿತು. ಹೆಪ್ಪು ಸಾಮಾನ್ಯವಾಗಿ ಹಾಗೆ ಹೊಳೆಯುವುದಿಲ್ಲವಂತೆ. ಅಲ್ಲಿಯ ಸರ್ಜನ್ ಕೂಡ ಈ ರಿಪೋರ್ಟನ್ನು ಪೂರ್ತಿ ಓದಿ, ಇನ್ನು ತಡ ಮಾಡುವುದು ಬೇಡ ಅಂದರು. ಆಪರೇಷನ್ ಹೇಗೆ ಅಂತ ನಮಗೆ ಚಿತ್ರ ಬರೆದು ತಿಳಿಸಿದರು. ಎದೆಮೂಳೆ ಸೀಳಿ, ಹಾರ್ಟ್-ಲಂಗ್ ಮಿಷನ್ನಿಗೆ ಜೋಡಿಸಿ, ಮೈಯನ್ನು ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗೆ ತಂಪು ಮಾಡುತ್ತಾರೆ. ಆಮೇಲೆ ರಕ್ತದ ಓಡಾಟವನ್ನೇ ಒಮ್ಮೆಗೆ 20 ನಿಮಿಷದಷ್ಟು ನಿಲ್ಲಿಸುತ್ತಾರೆ. ರಕ್ತ ಅಡ್ಡ ಬರದೆ ಇರುವಾಗ ನಾಳದ ಒಳಪದರದ ಸಮೇತ ಗಡ್ಡೆಯನ್ನು ಬಿಡಿಸುತ್ತಾರೆ. ಗೋಡೆಗೇ ಹೊಕ್ಕಿದ್ದರೆ ಆ ತುಂಡು ಕತ್ತರಿಸಿ ಬೇರೆ ನಾಳ ಹೊಲಿಯಬೇಕು. ಭಾವನಿಗೆ ಎರಡೂ ಬೇಕಾಯಿತು.

ಬಯಾಪ್ಸಿಯಲ್ಲಿ ಸಾರ್ಕೋಮಾ ಅಂತಲೇ ಬಂತು. ಈಗ ಕೀಮೋ ನಡೆಯುತ್ತಿದೆ. ಇದು ಮತ್ತೆ ಬರುವ ಸಾಧ್ಯತೆ ಜಾಸ್ತಿ, ಸರ್ಜನ್ ಅದನ್ನು ಮುಚ್ಚಿಡಲಿಲ್ಲ. ಆದರೆ ಭಾವ ಉಸಿರಾಡುತ್ತಿದ್ದಾರೆ, ರಾತ್ರಿ ಮಲಗಿ ನಿದ್ದೆ ಮಾಡುತ್ತಿದ್ದಾರೆ. ಆಪರೇಷನ್ ಆಗದಿದ್ದರೆ ಕೆಲವೇ ತಿಂಗಳು ಅಂದಿದ್ದರು. ಮುಂದಿನ ಸ್ಕ್ಯಾನ್‌ಗಳನ್ನೆಲ್ಲ ಇಲ್ಲೇ ಮಾಡಿಸುತ್ತೇವೆ.

ಕೊರತೆ ಇಲ್ಲವೆಂದಲ್ಲ. ಲಿಫ್ಟ್ ಪದೇಪದೇ ಕೆಡುತ್ತದೆ. ಏದುಸಿರಿನ ರೋಗಿಯನ್ನು ಮೆಟ್ಟಿಲು ಹತ್ತಿಸುವುದು ತಪ್ಪು, ಇದನ್ನು ಮಾಲೀಕರು ಬೇಗ ಸರಿಮಾಡಬೇಕು. ಕೌಂಟರಿನವರು ಸ್ವಲ್ಪ ಗಡಿಬಿಡಿ. ಫಿಲ್ಮ್ ಮಾತ್ರ ಕೊಟ್ಟು ಕಳಿಸುತ್ತಾರೆ, ಸಿಡಿ ಕೇಳಿ ಪಡೆಯಿರಿ. ಬೆಂಗಳೂರಿನಲ್ಲಿ ಸರ್ಜನ್ ನೋಡಿದ್ದು ಸಿಡಿಯನ್ನೇ.

ಬಿಪಿಎಲ್ ಕಾರ್ಡ್ ಇರುವವರು ಬೆಂಗಳೂರಿಗೆ ಹೊರಡುವ ಮೊದಲು ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯಲ್ಲಿ ರೆಫರಲ್ ಬಗ್ಗೆ ವಿಚಾರಿಸಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ಖರ್ಚು ಇದೆ. ಈ ಸ್ಕ್ಯಾನಿಗೆ ಕಾಂಟ್ರಾಸ್ಟ್ (ರಕ್ತನಾಳ ಚೆನ್ನಾಗಿ ಕಾಣಲು ಚುಚ್ಚುವ ಔಷಧ) ಕೊಡುವುದರಿಂದ ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಿಪೋರ್ಟ್ ಕೇಳುತ್ತಾರೆ, ಊರಲ್ಲೇ ಮಾಡಿಸಿಕೊಂಡು ಬಂದರೆ ಅರ್ಧ ದಿನ ಉಳಿಯುತ್ತದೆ. ಶುಗರ್ ಮಾತ್ರೆ ತಗೊಳ್ಳುವವರು ಫೋನಿನಲ್ಲೇ ಹೇಳಿಬಿಡಿ. ಹಳೆಯ ಸ್ಕ್ಯಾನ್ ಎಷ್ಟೇ ಹಳತಾಗಿರಲಿ, ತನ್ನಿ. ಇಲ್ಲಿ ಅದನ್ನು ನೋಡುವವರು ಇದ್ದಾರೆ.